ಎಣ್ಣೆ ಮುಚ್ಚಳದ ಮೇಲೊಂದು ಕುಂಕುಮದ ಬೊಟ್ಟು

ಕಳೆದ ವಾರ ಮಾಗಡಿ ಹತ್ತಿರದ ಒಂದು ಏರಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಓವರ್‌ಟೇಕ್ ಮಾಡಿದಳು.

ಅಜ್ಜಿ ನಡೆದು ಬರುತ್ತಿದ್ದಳು. ತಲೆಯ ಮೇಲೆ ಹುಲ್ಲಿನ ಹೊರೆ ಬೇರೆ. ನಾನು ಡರ್ಟ್ ಬೈಕಿನ ಮೇಲಿದ್ದೆ, ಕಲ್ಲುಮಣ್ಣಿನ ಏರು ಹತ್ತಲೆಂದೇ ಮಾಡಿದ ಗಾಡಿ. ಫೋರ್ ಸ್ಟ್ರೋಕ್ ಎಂಜಿನ್, ಸೆಕೆಂಡ್ ಗೇರ್, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದೆ. ಎಂಜಿನ್ ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಳ್ಳುತ್ತಿತ್ತು. ಬೈಕು ಮಾತ್ರ ತೆವಳಿ ತೆವಳಿ, ಏರಿನ ಅರ್ಧಕ್ಕೆ ನಿಂತೇಬಿಟ್ಟಿತು. ಅಜ್ಜಿ ಹೊರೆ ಅಲುಗದ ಹಾಗೆ ಕಣ್ಣು ಮಾತ್ರ ಹೊರಳಿಸಿ ಕೇಳಿದಳು:

"ಯಾಕವ್ವಾ, ಸೌಂಡು ಜೋರಾಗೇ ಬತ್ತದೆ, ಗಾಡಿ ಬರಾಕಿಲ್ವಾ?"

ಉತ್ತರಕ್ಕೆ ಅಜ್ಜಿ ಕಾಯಲಿಲ್ಲ. ಏರು ಹತ್ತಿ ಹೊರಟೇಹೋದಳು.

ಈ ಅಂಕಣದ ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನನಗೀಗ ನಲವತ್ತೊಂಬತ್ತು. ಮನೆ ರಾಮನಗರ. ರೇಷ್ಮೆ ಸಾಕುವವರ ತೋಟಗಳಿಗೆ ಹೋಗಿ ಹುಳು ಯಾಕೆ ಸೊಪ್ಪು ಬಿಡುತ್ತಿದೆ, ಯಾಕೆ ಗೂಡು ಕಟ್ಟುತ್ತಿಲ್ಲ ಅಂತ ನೋಡಿ ಸಲಹೆ ಹೇಳುವುದು ನನ್ನ ಕೆಲಸ. ತೋಟದ ದಾರಿಗಳು ನಿಮಗೆ ಗೊತ್ತೇ ಇವೆ. ಸ್ಕೂಟರಿನಲ್ಲಿ ಹೋಗಿ ಹೋಗಿ ಸೊಂಟ ಬಿದ್ದುಹೋಗಿತ್ತು. ಎರಡು ವರ್ಷದ ಹಿಂದೆ ಬೆಟ್ಟದ ಬುಡದ ಒಂದು ಅಡ್ವೆಂಚರ್ ಕ್ಯಾಂಪು ಬಾಗಿಲು ಹಾಕಿತು. ಅವರ ಬೈಕುಗಳಲ್ಲಿ ಒಂದನ್ನು ನಾನು ಕೊಂಡು ತಂದುಬಿಟ್ಟೆ. (ನಂಬರ್ ಪ್ಲೇಟ್ ಇದೆ, ಇನ್ಶೂರೆನ್ಸ್ ಇದೆ, ಹೆಲ್ಮೆಟ್ ಇದೆ. ಇದನ್ನು ಓದುತ್ತಿರುವ ಟ್ರಾಫಿಕ್‌ನವರು ಪೇಪರ್ ಕೆಳಗಿಟ್ಟು ಕಾಫಿ ಕುಡಿಯಬಹುದು.)

ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೈಕು ಗೇಟಿನೊಳಗೆ ಬಂದ ದಿನ ಅವರು ಒಂದೇ ಒಂದು ಷರತ್ತು ಹಾಕಿದರು.

"ದಾರೀಲಿ ಕೆಟ್ಟು ನಿಂತ್ಕೊಂಡು, ನಾನು ಬಂದು ಎತ್ತಾಕ್ಕೊಂಡು ಬರೋ ಹಂಗಾದ್ರೆ ಅವತ್ತೇ ಅದನ್ನ ಮಾರೋದು. ಒಪ್ಪಿಗೇನಾ?"

ಒಪ್ಪಿಗೆ ಅಂದೆ. ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಆಮೇಲೆ ಎರಡು ವರ್ಷ ಅವರು ಅದರ ಮೇಲೆ ಒಮ್ಮೆಯೂ ಕೂರಲಿಲ್ಲ. ನನ್ನ ಬೈಕು ಅನ್ನಲಿಲ್ಲ, ನಮ್ಮ ಬೈಕು ಅಂತೂ ಅನ್ನಲೇ ಇಲ್ಲ. ಯಾವಾಗಲೂ 'ಅದು'. ಅದು ಇವತ್ತು ಎಲ್ಲಿಗೆ ಹೋಗುತ್ತೆ? ಅದನ್ನ ಒಸಿ ಆ ಕಡೆ ನಿಲ್ಲಿಸು, ಕಾರಿಗೆ ತಗುಲುತ್ತೆ. ನನಗೆ ಇದು ಎಷ್ಟು ಚುಚ್ಚುತ್ತಿತ್ತು ಅಂತ ಅವರಿಗೆ ಹೇಳಿರಲಿಲ್ಲ.

ಏರಿನಲ್ಲಿ ನಿಂತ ಬೈಕನ್ನು ನೋಡುತ್ತಾ ಅರ್ಧ ಗಂಟೆ ಕಳೆದೆ. ಕೊನೆಗೆ ಅವರಿಗೇ ಫೋನ್ ಮಾಡಿದೆ. ಬೇರೆ ಯಾರಿಗೆ ಮಾಡಲಿ?

ಗೂಡ್ಸ್ ಆಟೋ ತಂದರು. ಬೈಯಲಿಲ್ಲ, ನಗಲಿಲ್ಲ. ಬೈಕನ್ನು ಹತ್ತಿಸಿ, ಹಗ್ಗ ಬಿಗಿದು, ಗಂಟನ್ನು ಎರಡು ಸಲ ಎಳೆದು ನೋಡಿದರು. ಮಾರನೇ ದಿನ ಬೆಳಗ್ಗೆ ಇಡ್ಲಿ ತಿನ್ನುವಾಗ ತಣ್ಣಗೆ ಹೇಳಿದರು: "ಕನಕಪುರದೋರೊಬ್ರು ತೋಟದ ಕೆಲಸಕ್ಕೆ ಇಂಥದ್ದೇ ಹುಡುಕ್ತಾ ಅವ್ರಂತೆ. ಭಾನುವಾರ ನೋಡಕ್ಕೆ ಬತ್ತಾರೆ."

ಅರ್ಧ ಇಡ್ಲಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಆದರೆ ಮಾತು ಕೊಟ್ಟವಳು ನಾನೇ ತಾನೇ?

ಮಾರುವುದಾದರೂ ಕೆಟ್ಟ ಗಾಡಿಯನ್ನು ಇನ್ನೊಬ್ಬರ ತಲೆಗೆ ಕಟ್ಟಬಾರದು ಅಂತ ಅದೇ ಗೂಡ್ಸ್ ಆಟೋದಲ್ಲಿ ಬೈಕನ್ನು ಚನ್ನಪಟ್ಟಣಕ್ಕೆ ಸಾಗಿಸಿದೆ. ಅಲ್ಲಿ ಬೊಂಬೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಸಮಿ ಭಾಯ್ ಅವರ ಗ್ಯಾರೇಜಿದೆ. ಸಮಿ ಭಾಯ್ ಗಾಡಿ ಮುಟ್ಟುವ ಮೊದಲೇ ಪ್ರಶ್ನೆ ಕೇಳುವ ಜಾತಿಯ ಮೆಕ್ಯಾನಿಕ್. ಡಾಕ್ಟರುಗಳೂ ಹೀಗಿದ್ದರೆ ಎಷ್ಟು ಚೆನ್ನ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

"ಎಂಜಿನ್ ರೇಸ್ ಆಗ್ತದೆ, ಗಾಡಿ ಎಳೆಯಲ್ಲ. ಹೌದಾ? ಕ್ಲಚ್ ಸ್ಲಿಪ್ ಆಗ್ತಿದೆ ಮೇಡಂ. ಆಯಿಲ್ ಯಾವ್ದು ಹಾಕಿದ್ರಿ?"

"ಹಾಕೇ ಇಲ್ಲ ಭಾಯ್. ಚೇಂಜ್ ಮಾಡೋ ಟೈಮ್ ಬಂದಿತ್ತು. ಹೊಸ ಟಿನ್ ಮನೆಯಲ್ಲಿ ಸೀಲ್ ಒಡೆಯದೆ ಕೂತಿದೆ. ಆಯುಧಪೂಜೆ ಮುಗಿಸಿಕೊಂಡು ಹಾಕೋಣ ಅಂತ ಮುಂದೂಡಿದ್ದೆ."

ಸಮಿ ಭಾಯ್ ಬೈಕನ್ನು ನೆಟ್ಟಗೆ ಹಿಡಿಯಲು ಹೇಳಿ, ಎಂಜಿನ್ನಿನ ಪಕ್ಕದಲ್ಲಿರುವ ಕಾಸಗಲದ ಗಾಜನ್ನು ಹೆಬ್ಬೆರಳಿನಲ್ಲಿ ಒರೆಸಿದರು. ಎಣ್ಣೆ ಎಷ್ಟಿದೆ, ಹೇಗಿದೆ ಅಂತ ನೋಡಲು ಇರುವ ಕಿಟಕಿ ಅದು.

"ಹಳೇ ಆಯಿಲ್ ಆಗಿದ್ರೆ ಕಾಫಿ ಡಿಕಾಕ್ಷನ್ ಥರ ಇರ್ಬೇಕಿತ್ತು. ಇದು ನೋಡಿ, ಜೇನುತುಪ್ಪ. ಯಾರೋ ಮೊನ್ನೆ ಮೊನ್ನೆ ಹೊಸದು ಹಾಕಿದ್ದಾರೆ."

ಯಾರು? ನನ್ನ ಬೈಕಿನ ಡ್ರೈನ್ ಬೋಲ್ಟ್ ಬಿಚ್ಚಿ, ಹಳೆಯದನ್ನು ಇಳಿಸಿ, ನನಗೇ ಗೊತ್ತಿಲ್ಲದೆ ಹೊಸ ಎಣ್ಣೆ ತುಂಬಿದವರು ಯಾರು? ಅದೂ ನನ್ನ ಟಿನ್ ಮುಟ್ಟದೆ? (ವಾರಕ್ಕೊಮ್ಮೆ ಆ ಕಿಟಕಿ ನೋಡಬೇಕಾದವಳು ನಾನು. ನೋಡಿರಲಿಲ್ಲ. ಊರಿಗೆಲ್ಲ ಸಲಹೆ ಹೇಳುವವರ ಹಣೆಬರಹವೇ ಇಷ್ಟು.)

ಅಷ್ಟರಲ್ಲಿ ಸಮಿ ಭಾಯ್ ಎಣ್ಣೆ ಹಾಕುವ ಮುಚ್ಚಳಕ್ಕೆ ಕೈ ಹಾಕಿದವರು ನಿಲ್ಲಿಸಿದರು.

"ಇಲ್ಲಿ ಯಾರು ಪೂಜೆ ಮಾಡಿದ್ದು ಮೇಡಂ?"

ಮುಚ್ಚಳದ ಮೇಲೆ ಅರಿಶಿನ ಬಳಿದು, ನಡುವೆ ಕುಂಕುಮದ ಬೊಟ್ಟು ಇಟ್ಟಿದ್ದರು. ಒಣಗಿ ಬಿರಿದಿತ್ತು.

ನನಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಯುಧಪೂಜೆಗೆ ಎಲ್ಲರೂ ಬೊಟ್ಟಿಡುವುದು ಹ್ಯಾಂಡಲ್ಲಿಗೆ, ಹೆಡ್‌ಲೈಟಿಗೆ. ಎಣ್ಣೆ ಮುಚ್ಚಳಕ್ಕೆ ಇಡುವ ಮನೆ ನಾನು ಕಂಡಂತೆ ಒಂದೇ, ತಿಪ್ಪಸಂದ್ರದ ನನ್ನ ಮಾವನವರ ಮನೆ. ಹಬ್ಬದ ಹಿಂದಿನ ದಿನ ಅಲ್ಲಿ ಮೆಷಿನ್ನುಗಳಿಗೆ ಎಣ್ಣೆಸ್ನಾನ. ಪಂಪ್‌ಸೆಟ್ಟು, ಟ್ರಾಕ್ಟರು ಎಲ್ಲದರ ಹಳೇ ಎಣ್ಣೆ ಇಳಿಸಿ ಹೊಸದು ಹಾಕಬೇಕು. ಒಂದೇ ಡಬ್ಬದಿಂದ ಹಾಕಬೇಕು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಅಂತ ಭೇದ ಮಾಡುವಂತಿಲ್ಲ. ಒಂದೇ ತಾನಿನ ಬಟ್ಟೆಯಲ್ಲಿ ಮಕ್ಕಳಿಗೆಲ್ಲ ಅಂಗಿ ಹೊಲಿಸುತ್ತಿದ್ದರಲ್ಲ, ಹಾಗೆ. ಆಮೇಲೆ ಎಣ್ಣೆ ಕುಡಿದ ಬಾಯಿಗೆ ಬೊಟ್ಟು. ಪಂಪ್‌ಸೆಟ್ಟು, ಟ್ರಾಕ್ಟರು ಎರಡೂ ಡೀಸೆಲ್ ಆದ್ದರಿಂದ ಮಾವನವರ ಕಾಲದಲ್ಲಿ ಇದು ಸಲೀಸಾಗಿ ನಡೆದಿತ್ತು.

ಈ ಸಲ ಹಬ್ಬದ ಹಿಂದಿನ ದಿನ ನಾನು ನಮ್ಮ ಮನೆಯೊಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ನಮ್ಮನೆಯವರು ಇಡೀ ಮಧ್ಯಾಹ್ನ ಅಂಗಳದಲ್ಲಿದ್ದರು. ಕಾರು ತೊಳೆಯುತ್ತಿದ್ದಾರೆ ಅಂದುಕೊಂಡಿದ್ದೆ.

"ನಮ್ಮನೆಯವರು ಕಾರಿಗೆ ಹಾಕೋ ಆಯಿಲ್ ಹಾಕಿರಬೇಕು ಭಾಯ್," ಅಂದೆ. "ಫುಲ್ಲಿ ಸಿಂಥೆಟಿಕ್. ತುಂಬಾ ಒಳ್ಳೇದು ಅಂತ ಬೆಂಗಳೂರಿಂದ ತರಿಸ್ತಾರೆ. ಒಳ್ಳೇ ಎಣ್ಣೆ ಹಾಕಿದರೆ ಕೆಡುತ್ತಾ?"

ಸಮಿ ಭಾಯ್ ನಕ್ಕರು. "ಕಾರಿಗೆ ಒಳ್ಳೇದು ಮೇಡಂ. ಕಾರಲ್ಲಿ ಎಂಜಿನ್ ಬೇರೆ, ಗೇರ್ ಬೇರೆ, ಕ್ಲಚ್ ಬೇರೆ. ಕ್ಲಚ್ಚಿಗೆ ಎಣ್ಣೆ ತಾಗೋದೇ ಇಲ್ಲ. ನಿಮ್ ಗಾಡೀಲಿ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್ ಅದರಲ್ಲೇ ಮುಳುಗಿರ್ತದೆ. ಎಂಜಿನ್ ಜಾರ್ಬೇಕು, ಪ್ಲೇಟ್ ಒಂದಕ್ಕೊಂದು ಕಚ್ಕೊಳ್ಬೇಕು. ಮೈಲೇಜ್ ಬರ್ಲಿ ಅಂತ ಕೆಲವು ಕಾರ್ ಆಯಿಲ್‌ನಲ್ಲಿ ಜಾರೋ ಮದ್ದು ಜಾಸ್ತಿ ಹಾಕಿರ್ತಾರೆ. ಆಗ ಪ್ಲೇಟೂ ಜಾರ್ತದೆ. ಎಂಜಿನ್ ಕೂಗ್ತದೆ, ಚಕ್ರಕ್ಕೆ ಕೇಳ್ಸಲ್ಲ."

ನನಗೆ ಇದು ಎಷ್ಟು ವಿಚಿತ್ರ ಅನ್ನಿಸಿತು ಗೊತ್ತಾ? ಎಣ್ಣೆ ಅಂದರೆ ಜಾರುವುದು, ಹೆಚ್ಚು ಜಾರಿದಷ್ಟೂ ಒಳ್ಳೆಯದು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ಜಾರಬೇಕಾದಲ್ಲಿ ಜಾರಿಸಿ, ಹಿಡಿಯಬೇಕಾದಲ್ಲಿ ಹಿಡಿಯಲು ಬಿಡುವುದೂ ಎಣ್ಣೆಯ ಕೆಲಸವೇ ಅಂತ ಯಾರು ಹೇಳಿದ್ದರು? ಟಿನ್ನು ಹೇಳಿತ್ತಂತೆ. ಬೈಕ್ ಎಣ್ಣೆಯ ಟಿನ್ನಿನ ಹಿಂಭಾಗದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಎಂಎ' ಅಂತಲೋ 'ಎಂಎ ಟೂ' ಅಂತಲೋ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೂ ಇದು ಆಗುತ್ತದೆ ಅಂತ ಅದರ ಅರ್ಥ. ನಾವು ಮುಂಭಾಗದ ಚಿತ್ರ ನೋಡಿ ಕೊಳ್ಳುವವರು.

ಇನ್ನೊಂದು ವಿಷಯವನ್ನೂ ಸಮಿ ಭಾಯ್ ಹೇಳಿದರು. ಡರ್ಟ್ ಬೈಕಿನ ಎಂಜಿನ್ನಿಗೆ ಹಿಡಿಸುವುದೇ ಲೀಟರ್ ಚಿಲ್ಲರೆ ಎಣ್ಣೆ. ಆ ಒಂದು ಪಾತ್ರೆ ಎಣ್ಣೆಯೇ ಎಂಜಿನ್ನು, ಗೇರು, ಕ್ಲಚ್ಚು ಮೂರರ ಬಿಸಿಯನ್ನೂ ಕೊಳೆಯನ್ನೂ ಹೊರಬೇಕು. ಅದಕ್ಕೇ ಇದರ ಎಣ್ಣೆ ಬೇಗ ಬದಲಿಸಬೇಕು. ಎಷ್ಟು ಕಿಲೋಮೀಟರ್ ಓಡಿತು ಅಂತಲ್ಲ, ಎಷ್ಟು ಗಂಟೆ ದುಡಿಯಿತು ಅಂತ ನೋಡಬೇಕು.

ಬೈಕನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ. ಕೆಂಗಲ್ ದಾಟುವಷ್ಟರಲ್ಲಿ ಕುತೂಹಲ ಇಳಿದು ಸಿಟ್ಟು ಏರಿತು. ಇವರು ಗಣಿತದ ಮೇಷ್ಟ್ರು. ಅಂಗಡಿಯ ಬಿಲ್ಲನ್ನು ಎರಡು ಸಲ ಓದುವ ಮನುಷ್ಯ. ಟಿನ್ನಿನ ಹಿಂದೆ ಓದಿರಲಿಲ್ಲವೇ? ಎಣ್ಣೆ ಹಾಕಿದ್ದನ್ನು ನನಗೆ ಯಾಕೆ ಹೇಳಲಿಲ್ಲ? ಏರಿನಲ್ಲಿ ನಿಲ್ಲಲಿ, ಮಾರಿಬಿಡೋಣ ಅಂತಲೇ ಹಾಕಿದರಾ? ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವರ ಮೇಲೆ ಇಂಥ ಅನುಮಾನ ಬರಬಾರದು. ಬಂತು. ಬಂದಿದ್ದನ್ನು ಬಂತು ಅಂತಲೇ ಬರೆಯುತ್ತೇನೆ.

ಮನೆಗೆ ಬಂದವಳೇ ಕೇಳಿದೆ. "ರೀ, ನನ್ನ ಬೈಕಿಗೆ ನಿಮ್ಮ ಕಾರಿನ ಎಣ್ಣೆ ಹಾಕಿದ್ರಾ?"

ಉತ್ತರಪತ್ರಿಕೆ ತಿದ್ದುತ್ತಿದ್ದವರು ಕೆಂಪು ಪೆನ್ನಿನ ಕ್ಯಾಪ್ ಹಾಕಿದರು. "ಹಾಕಿದ್ದೆ. ಯಾಕೆ?"

"ಮಿಕ್ಕಿದ್ದನ್ನ ಸುರಿಯೋಕೆ ನನ್ನ ಬೈಕೇ ಬೇಕಾಗಿತ್ತಾ?"

"ಮಿಕ್ಕಿದ್ದಲ್ಲ ಕಣೇ." ಅವರ ದನಿ ಸಣ್ಣಗಾಯಿತು. "ಮೊದ್ಲು ಸೀಲ್ ಒಡೆದು ಅದಕ್ಕೇ ಹಾಕಿದ್ದು. ಆಮೇಲೆ ಕಾರಿಗೆ. ಬೆಟ್ಟ ಗುಡ್ಡ ಹತ್ತೋದು ಅದೇ ತಾನೇ? ನೀನೊಬ್ಳೇ ಹೋಯ್ತೀಯ. ಎಲ್ಲಾರಾ ನಿಂತೋದ್ರೆ ಅಂತ. ಹಬ್ಬದಲ್ಲಿ ಎಲ್ಲಕ್ಕೂ ಹಾಕಿ ಅದೊಂದನ್ನ ಹೆಂಗ್ ಬುಡ್ಲಿ? ಮನೆ ಗಾಡಿ ಅಲ್ವಾ?"

ನಾನು ಕುರ್ಚಿ ಎಳೆದುಕೊಂಡು ಕೂತೆ. ಕಡಲೆಕಾಯಿ ಸಿಪ್ಪೆ ಬೀಳುತ್ತದೆ ಅಂತ ಕಾರಿನಲ್ಲಿ ಯಾರಿಗೂ ತಿನ್ನಲು ಬಿಡದ ಮನುಷ್ಯ ಇವರು. ಆ ಕಾರಿಗೂ ಮೊದಲು 'ಅದಕ್ಕೆ' ಹಾಕಿದ್ದಾರೆ. ನಿಲ್ಲದಿರಲಿ ಅಂತ ಹಾಕಿದ ಎಣ್ಣೆಯೇ ನಿಲ್ಲಿಸಿದೆ. ನನಗೆ ಅಳು ಬಂತು, ನಗುವೂ ಬಂತು. ಬಸ್ಸಿನಲ್ಲಿ ಪಟ್ಟ ಅನುಮಾನ ನೆನೆದು ನಾಚಿಕೆಯಾಯಿತು.

ಸಮಿ ಭಾಯ್ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಒಳ್ಳೇದು ಜಾಸ್ತಿ ಆಗಿ ಕೆಟ್ಟಿದ್ದು."

"ಒಳ್ಳೇದೇ. ಅದಕ್ಕಲ್ಲ ಅಷ್ಟೇ."

ಇದೇ ಮಾತನ್ನು ನಾನು ದಿನಾ ತೋಟಗಳಲ್ಲಿ ಹೇಳುತ್ತೇನೆ. ಎಳೆ ಹುಳಕ್ಕೆ ಎಳೆ ಸೊಪ್ಪು, ದೊಡ್ಡ ಹುಳಕ್ಕೆ ಬಲಿತ ಸೊಪ್ಪು. ಎಳೆಯದು ಮೆತ್ತಗಿದೆ, ಚೆನ್ನಾಗಿದೆ ಅಂತ ಪ್ರೀತಿಯಿಂದ ದೊಡ್ಡ ಹುಳಕ್ಕೂ ಅದನ್ನೇ ಹಾಕಿ ಬೆಳೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಹೇಳುವುದು ಸುಲಭ. ಏಕೆಂದರೆ ಹುಳು ನನ್ನ ಗಂಡ ಸಾಕಿದ್ದಲ್ಲ.

ಶನಿವಾರ ಇಬ್ಬರೂ ಚನ್ನಪಟ್ಟಣಕ್ಕೆ ಹೋದೆವು. ಮನೆಯಲ್ಲಿದ್ದ ನನ್ನ ಸೀಲ್ಡ್ ಟಿನ್ ಒಯ್ದೆವು, ದಾರಿಯಲ್ಲಿ ಇನ್ನೊಂದನ್ನೂ ಕೊಂಡೆವು. ಸಮಿ ಭಾಯ್ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿದರು. ಬೆಚ್ಚಗಿದ್ದರೆ ಎಣ್ಣೆ ಕೊಳೆಯನ್ನೂ ಎಳೆದುಕೊಂಡು ಪೂರ್ತಿ ಇಳಿಯುತ್ತದೆ. ಬೋಲ್ಟ್ ಬಿಚ್ಚಿ, ಜೇನು ಬಣ್ಣದ್ದನ್ನೆಲ್ಲ ಇಳಿಸಿ, ಬೋಲ್ಟಿನ ಪುಟ್ಟ ವಾಷರ್ ಬದಲಿಸಿ, ಸರಿಯಾದ ಎಣ್ಣೆ ಹಾಕಿ, ಓಡಿಸಿ, ಅದನ್ನೂ ಇಳಿಸಿದರು. ಪ್ಲೇಟುಗಳ ನಡುವೆ ಉಳಿದ ಜಾರು ಹೋಗಬೇಕಲ್ಲ. ಆಮೇಲೆ ಹೊಸ ಫಿಲ್ಟರ್. ಎರಡನೇ ಟಿನ್ನನ್ನು ಸಮಿ ಭಾಯ್ ನಮ್ಮನೆಯವರ ಕೈಗೇ ಕೊಟ್ಟರು. "ನೀವೇ ಹಾಕಿ ಸಾರ್."

ನಮ್ಮನೆಯವರು ಕನ್ನಡಕ ಏರಿಸಿಕೊಂಡು ಟಿನ್ನಿನ ಹಿಂಭಾಗವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದರು. ಆಮೇಲೆ ಹಾಕಿದರು.

"ಪ್ಲೇಟ್ ಸುಟ್ಟಿಲ್ಲದಿದ್ರೆ ಎಳೀತದೆ," ಅಂದರು ಸಮಿ ಭಾಯ್. "ಸುಟ್ಟಿದ್ರೆ ಎಳೆಯಲ್ಲ. ಏರಲ್ಲೇ ಗೊತ್ತಾಗೋದು."

ಭಾನುವಾರ ಬೆಳಗ್ಗೆ ಅದೇ ಏರು. ನಾನು ಬೈಕಿನಲ್ಲಿ, ಹಿಂದೆ ಕಾರಿನಲ್ಲಿ ಅವರು. ಅರ್ಧಕ್ಕೆ ಬಂದಾಗ, ಅಜ್ಜಿ ನನ್ನನ್ನು ದಾಟಿದ ಜಾಗದಲ್ಲಿ, ಸೆಕೆಂಡ್ ಗೇರಿಗೆ ಇಳಿಸಿದೆ. ಆಕ್ಸಿಲರೇಟರ್ ತಿರುಗಿಸಿದೆ. ಹಿಂದಿನ ಚಕ್ರ ಮಣ್ಣು ಕಚ್ಚಿತು. ಎಂಜಿನ್ ಕೂಗಲಿಲ್ಲ, ಬೈಕು ಹೋಯಿತು.

ಏರಿನ ತುದಿಯಲ್ಲಿ ಕಾರು ಬಂದು ನಿಂತಾಗ ಅವರ ಫೋನ್ ಹೊಡೆದುಕೊಳ್ಳುತ್ತಿತ್ತು. ಕನಕಪುರದವರು, ಹೊರಟಿದ್ದೇವೆ ಅಂತ ಹೇಳಲು.

"ಇಲ್ಲ ಸ್ವಾಮಿ, ಬರ್‌ಬ್ಯಾಡಿ," ಅಂದರು ನಮ್ಮನೆಯವರು. "ಕೊಡೋ ಹಂಗಿಲ್ಲ. ನಿಂತೋಗಿದ್ದು ದಿಟ. ಆದ್ರೆ ಕೆಡ್ಸಿದ್ದು ನಾನು... ಹೂಂ, ನಮ್ ಬೈಕು ಈಗ ಸರಿಯಾಗೈತೆ."

ನಮ್ಮ ಬೈಕು! ಎರಡು ವರ್ಷ ಕಾದಿದ್ದ ಮಾತು. ಹೆಲ್ಮೆಟ್ಟಿನೊಳಗೇ ಕಣ್ಣು ಒರೆಸಿಕೊಂಡೆ.

"ಅವತ್ತೇ ಯಾಕ್ರೀ ಹೇಳಲಿಲ್ಲ?" ಅಂತ ಕೇಳಿದೆ.

"ಹೇಳಿದ್ರೆ ಬ್ಯಾಡ ಅಂತಿದ್ದೆ."

ನಿಜ. ಬೇಡ ಅಂದಿರುತ್ತಿದ್ದೆ. ಬೈಕು ನಿಲ್ಲುತ್ತಿರಲಿಲ್ಲ. ಕಾರಿಗಿಂತ ಮೊದಲು ಅದಕ್ಕೆ ಎಣ್ಣೆ ಹಾಕುವ ಮನುಷ್ಯ ನಮ್ಮನೆಯಲ್ಲೇ ಇದ್ದಾರೆ ಅಂತ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಈಗ ನೀವೇ ಹೇಳಿ, ಆ ಎಣ್ಣೆ ನನ್ನ ಬೈಕನ್ನು ನಿಲ್ಲಿಸಿತೋ, ಉಳಿಸಿತೋ?