ರಿಸೆಪ್ಶನ್ ಎಂಟ್ರಿಗೆ ಬಂದ ಕೆಂಪು ಸಿಲಿಂಡರ್

ಹಾಡು ಶುರುವಾಯಿತು, ಲೈಟು ಆರಿತು. ಕಮಲಾಪುರದ ಕಲ್ಯಾಣ ಮಂಟಪದ ಬಾಗಿಲಲ್ಲಿ ನಾನು ಮತ್ತು ಮದುವೆಯಾಗಲಿದ್ದ ಹುಡುಗ ಕೈ ಹಿಡಿದು ನಿಂತಿದ್ದೆವು. ನಮ್ಮ ಕಾಕಾನ ಮಗ ಬಸು ಒಂದು ಕೆಂಪು ಫೈರ್ ಎಕ್ಸ್‌ಟಿಂಗ್ವಿಷರ್ ಎತ್ತಿಕೊಂಡು ನಮ್ಮ ಮುಂದೆ ಬಂದ.

ಬೆಂಕಿ ಎಲ್ಲೂ ಬಿದ್ದಿರಲಿಲ್ಲ.

ಇದು ಬಸುವಿನ ಐಡಿಯಾ. ಮದುಮಕ್ಕಳು ಬಿಳಿ ಮೋಡದೊಳಗಿಂದ ನಡೆದು ಬರುವ ವಿಡಿಯೋ ಮೊಬೈಲಿನಲ್ಲಿ ನೋಡಿದ್ದ. ಡಿಜೆಯವರು ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊಡೆಯುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ನೆಹರು ಗಂಜ್ ಮಾರುಕಟ್ಟೆಯಲ್ಲಿರುವ ಗೆಳೆಯನ ಬೇಳೆ ಗೋಡೌನಿನ ಗೋಡೆಯಿಂದ ಒಂದನ್ನು ಬಿಚ್ಚಿಕೊಂಡು ಬಂದಿದ್ದ.

ಕೆಂಪಗಿದ್ದರೆ ಎಲ್ಲಾ ಒಂದೇ ಎಂದು ಅವನ ತಿಳುವಳಿಕೆ.

ನನಗೋ ಮೋಡದ ಚಿಂತೆಯೇ ಇರಲಿಲ್ಲ. ಇದ್ದದ್ದು ಒಂದೇ ಹೆದರಿಕೆ... ಪಕ್ಕದಲ್ಲಿ ನಿಂತ ಈ ಮನುಷ್ಯನಿಗೆ ನಗಲು ಬರುತ್ತದೋ ಇಲ್ಲವೋ?

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ನಮ್ಮಪ್ಪನ ಸೀರೆ ಅಂಗಡಿ ಇದೆ. ನಾನು ಅಲ್ಲಿ ಬೆಳಗಿನಿಂದ ಸಂಜೆಯ ತನಕ ಬಾಯಿ ಮುಚ್ಚದೆ ಮಾತಾಡುವವಳು. ಇವರು ಕಮಲಾಪುರದಲ್ಲಿ ಹೈಸ್ಕೂಲ್ ಸೈನ್ಸ್ ಮಾಸ್ತರು. ಎಂಗೇಜ್‌ಮೆಂಟ್ ಆದ ಮೇಲೆ ಫೋನಿನಲ್ಲಿ ಇವರು ಆಡಿದ್ದು "ಊಟ ಆಯ್ತೇನ್ರಿ", "ಹ್ಞೂಂ", "ಇಡ್ಲೇನ್ರಿ", ಇಷ್ಟೇ.

"ಹುಡುಗ ಭಾಳ ಗಂಭೀರ ಅದಾನ" ಎಂದು ಅವರ ಕಡೆಯವರು ಹೊಗಳಿದಾಗಲೆಲ್ಲ ನನ್ನ ಎದೆ ಧಸಕ್ ಎನ್ನುತ್ತಿತ್ತು. ಅಕ್ಷತೆ ಮರುದಿನ ಬೆಳಿಗ್ಗೆ. ಓಡಿಹೋಗುವುದಿದ್ದರೆ ಆ ರಾತ್ರಿಯೇ ಕೊನೆಯ ಚಾನ್ಸು.

ಇವರು ಸಿಲಿಂಡರನ್ನು ಒಮ್ಮೆ ನೋಡಿದರು. ನನ್ನ ಕಿವಿಯ ಹತ್ತಿರ ಬಗ್ಗಿದರು.

"ಕಣ್ಣು ಮುಚ್ಕೋರಿ. ಉಸಿರು ಹಿಡೀರಿ."

ಅಂತೂ ಮಾಸ್ತರಿಗೆ ರೊಮ್ಯಾನ್ಸ್ ಬಂತು ಎಂದುಕೊಂಡು ಕಣ್ಣು ಮುಚ್ಚಿದೆ.

ಬುಸ್ಸ್...

ಕಣ್ಣು ಬಿಟ್ಟರೆ ಎಲ್ಲಾ ಬಿಳಿ. ನನ್ನ ಮೆರೂನ್ ಸೀರೆ ಬಿಳಿ, ಇವರ ಮೀಸೆ ಬಿಳಿ, ತುಟಿಯ ಮೇಲೆ ಕಹಿ ಕಹಿ ಪುಡಿ. ಮುಂದಿನ ಸಾಲಿನಲ್ಲಿದ್ದ ನಮ್ಮ ಅತ್ತೆಯವರು ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ನಿಂತಿದ್ದಾರೆ. ಹಾಡು ಮಾತ್ರ ನಡೆದೇ ಇದೆ.

"ಅಲುಗಾಡಬ್ಯಾಡ್ರಿ ದೀದಿ, ಮಸ್ತ್ ಬರ್ಲಾಕತ್ತದ" ಎಂದ ಫೋಟೋಗ್ರಾಫರ್.

ಬಸು ಸಿಲಿಂಡರ್ ತಬ್ಬಿಕೊಂಡು ಕೇಳಿದ, "ಮಾಮಾ, ಮೋಡ ಯಾಕ ಹೋಗವಲ್ದು?"

ಇವರು ಕ್ಲಾಸಿನ ದನಿಯಲ್ಲಿ ಶುರು ಮಾಡಿದರು. "ಇದು ಪೌಡರಿಂದು ತಮ್ಮಾ. ಕಾರ್ಬನ್ ಡೈಆಕ್ಸೈಡ್ ಅಂದ್ರ ಗ್ಯಾಸು. ಬೆಂಕಿ ಸುತ್ತ ಇರೋ ಆಕ್ಸಿಜನ್ ನೂಕಿ ಆರಸ್ತದ, ಆಮ್ಯಾಲ ಹಾರಿ ಹೋಗ್ತದ. ಪೌಡರ್ ಹಂಗಲ್ಲ. ಉರಿಯೋದರ ಮ್ಯಾಲೆ ಕೂತು ಉರಿ ಮುಂದ ಹೋಗಲಾರದಂಗ ಮಾಡ್ತದ."

ಮುಖದಲ್ಲಿ ಒಂದು ಗೆರೆ ಅಲುಗಾಡಲಿಲ್ಲ. ನನಗೆ ಅಳುವೇ ಬಂತು.

ಹಿಂದೆ ಕೈ ತೊಳೆಯುವ ನಲ್ಲಿಯ ಹತ್ತಿರ ಹೋದೆವು. ಮೊದಲು ನೀರು ಹಚ್ಚಬೇಡಿ, ಅಂಟುತ್ತದೆ, ಜಾಡಿಸಿಕೊಳ್ಳಿ ಎಂದರು. ನೀರು ಯಾವ ಬೆಂಕಿಗೆ ಬೇಕು ಹಾಗಾದರೆ ಎಂದು ಸಿಟ್ಟಿನಲ್ಲಿ ಕೇಳಿದ್ದೇ ತಪ್ಪಾಯಿತು.

"ಕಟ್ಟಿಗಿ, ಬಟ್ಟಿ, ಕಾಗದಕ್ಕ. ತಂಪು ಮಾಡಿ ಆರಸ್ತದ. ಉರಿಯೋ ಎಣ್ಣಿಗಿ ಹಾಕಿದ್ರ ನೀರು ತಳಕ್ಕ ಹೋಗಿ ಉಗಿ ಆಗಿ, ಎಣ್ಣಿ ಎಲ್ಲಾ ಹೊರಗ ಒಗೀತದ. ಕರೆಂಟಿನ ಬೆಂಕಿಗಿ ಅಂತೂ ಬ್ಯಾಡೇ ಬ್ಯಾಡ. ಪೆಟ್ರೋಲಿಗಿ ನೊರಿ ಸಿಲಿಂಡರ್ ಬ್ಯಾರೆ ಬರ್ತದ, ಮ್ಯಾಲ ಹೊದಿಕಿ ಹಾಸಿದಂಗ ಮುಚ್ಚತದ."

ಒಳಗೆ ಅತ್ತೆಯವರ ದನಿ ಏರುತ್ತಿತ್ತು. ನನಗೂ ರೇಗಿತ್ತು.

"ಮತ್ತ ನಿಮ್ಮ ಅವ್ವಾರ ಬೆಂಕಿಗಿ ಯಾವುದ್ರಿ?"

ಇವರು ನಿಜವಾಗಿ ಯೋಚನೆ ಮಾಡಿದರು. "ಅದಕ್ಕ ಗಾಳಿ ಸಿಗಬಾರದ್ರಿ. ನಾವು ಬಾಯಿ ತೆಗೀಲಿಲ್ಲಂದ್ರ ತಾನೇ ಆರ್ತದ."

ಪೌಡರಿನ ಕೆಳಗೆ ಮೀಸೆ ಸ್ವಲ್ಪ ಅಲುಗಿದ ಹಾಗೆ ಕಂಡಿತು. ಆಗ ನನಗೆ ಅನುಮಾನ ಬಂತು.

"ನಿಮಗ ಮೊದಲೇ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ. ಪ್ರೆಶರ್ ತೋರಿಸೋ ಮುಳ್ಳು ಇತ್ತಲ್ಲ, ಗ್ಯಾಸಿಂದಕ್ಕ ಅದು ಇರಂಗಿಲ್ಲ. ಅಗಲ ಕರಿ ಬಾಯಿ ಇರ್ತದ."

"ಮತ್ತ ಯಾಕ ಹೇಳ್ಲಿಲ್ಲ?"

ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲ ನೋಡಿದರು. "ಫೋನಿನ್ಯಾಗ ನೀವು ಒಂದಿನಾನೂ ನಕ್ಕಿಲ್ರಿ. ನಾಳೆ ಅಕ್ಷತಾ. ನಿಮಗ ನಗಲಾಕ ಬರ್ತದೋ ಇಲ್ಲೋ ಅಂತ ಭಾಳ ಹೆದರಿದ್ದೆ. ಇದಕ್ಕಾದ್ರೂ ನಗ್ತೀರೇನೋ ಅಂತ ಬಿಟ್ಟೆ."

ನನಗೆ?! ಮಾಸ್ತರ ಮನೆತನ, ಫೋನಿನಲ್ಲಿ ಹಲ್ಲು ಕಿಸಿಯಬೇಡ ಎಂದು ನಮ್ಮವ್ವ ತಾಕೀತು ಮಾಡಿದ್ದಳು. ಹುಡುಗಿಯ ಜೊತೆ ಹುಡುಗಾಟ ಬೇಡ ಎಂದು ಅವರವ್ವ ಇವರಿಗೆ ಹೇಳಿದ್ದರಂತೆ.

ನನಗೆ ತಡೆಯಲಾಗಲಿಲ್ಲ. ನಕ್ಕೆ, ಪೌಡರ್ ಮೂಗಿಗೆ ಹೋಗಿ ಇವರ ಮುಖದ ಮೇಲೇ ಸೀನಿದೆ. ಆಗ ಇವರು ನಕ್ಕರು ನೋಡಿ... ಅಡುಗೆಯವರು ಸೌಟು ಹಿಡಿದು ಹೊರಗೆ ಬಂದು ನಿಂತರು.

ಅವತ್ತು ಆ ನಗು ಕೇಳಿ ಎಷ್ಟು ಹಗುರಾಯಿತು ಎಂದು ಹೇಳಲಾರೆ. ಮರುದಿನ ಅಕ್ಷತೆ ಬೀಳುವಾಗಲೂ ಒಬ್ಬರ ಮುಖ ಒಬ್ಬರು ನೋಡುವ ಹಾಗಿರಲಿಲ್ಲ, ಅಷ್ಟು ನಗು. ಬಸು ಸಿಲಿಂಡರನ್ನು ಮತ್ತೆ ತುಂಬಿಸಿ ಗೋಡೌನಿಗೆ ಮುಟ್ಟಿಸಿದ್ದಾನೆ.

ನಿಜ ಹೇಳಿ, ನಿಮ್ಮ ಮನೆಗಳಲ್ಲೂ ಮದುವೆಯಾಗುವ ತನಕ ಇಬ್ಬರನ್ನೂ ಹೀಗೇ ಗಂಭೀರವಾಗಿ ಇಟ್ಟಿದ್ದರಾ?