ಸರ್ಪಸುತ್ತಿನ ಸೂಜಿ, ಮೊಮ್ಮಗಳ ಮೊದಲ ನೀರು

ನಮ್ಮ ಕಡೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತೇವೆ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಕೂಸನ್ನು ಅವುಗಳ ಮೇಲೆ ಬೋರಲು ಮಲಗಿಸಿ, ಎಣ್ಣೆ ತೀಡಿ, ಬಿಸಿನೀರು ಹುಯ್ಯುವುದು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಆದರೆ ಈ ಕೆಲಸಕ್ಕೆ ಓದು ಬೇಡ. ಸೊಂಟ ಬಗ್ಗಬೇಕು, ತೋಳು ಗಟ್ಟಿ ಇರಬೇಕು, ಅಷ್ಟೇ. ಈಗ ದಿನಾ ಮುಂಜಾನೆ ನನ್ನ ಮಗಳ ಮಗಳು ನನ್ನ ಕಾಲ ಮೇಲೆ ಮಲಗಿ ಟಿಕೋಟಾದ ನಮ್ಮ ಓಣಿಗೆಲ್ಲ ಕೇಳುವಂತೆ ಅಳುತ್ತಾಳೆ. ಆ ಅಳು ಕೇಳಿದರೆ ನನಗೆ ಹಿಗ್ಗು. ಈ ಹಿಗ್ಗು ನನ್ನ ಪಾಲಿಗೆ ಸಿಗುತ್ತದೋ ಇಲ್ಲವೋ ಎಂದು ಹೋದ ವರ್ಷವೆಲ್ಲ ಹೆದರಿದ್ದೆ. ಅದಕ್ಕೆ ಕಾರಣ ನನ್ನ ಅಕ್ಕನ ಸೊಂಟ.

ಅಕ್ಕನನ್ನು ಬಬಲೇಶ್ವರದ ಹತ್ತಿರ ಜೈನಾಪುರಕ್ಕೆ ಕೊಟ್ಟಿದ್ದಾರೆ. ಅವಳ ಮನೆಯಲ್ಲಿ ಮೊಮ್ಮಗ ಹುಟ್ಟಿದ ವಾರವೇ ಅವಳಿಗೆ ಸರ್ಪಸುತ್ತು ಎದ್ದಿತು. ಎಡಬೆನ್ನಿನಿಂದ ಹೊಟ್ಟೆಯವರೆಗೆ ಸಾಲಾಗಿ ನೀರುಗುಳ್ಳೆಗಳು, ಬೆಂಕಿ ಇಟ್ಟಂಥ ಉರಿ. ಹಾವಿನ ಹೆಡೆಯೂ ಬಾಲವೂ ಸೊಂಟ ಸುತ್ತಿ ಬಂದು ಕೂಡಿದರೆ ಜೀವ ಉಳಿಯುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಆದ್ದರಿಂದ ಹಾವಿನ ದಾರಿ ಕಟ್ಟಲು ಜಾಜು, ಅಂದರೆ ಗೋಡೆಗೆ ಬಳಿಯುವ ಕೆಂಪು ಮಣ್ಣು, ಗುಳ್ಳೆಗಳ ಎರಡೂ ತುದಿಗೆ ಹಚ್ಚುತ್ತಾರೆ. ಅಕ್ಕನಿಗೂ ಹಚ್ಚಿಸಿದರು. ಹಾವು ಕೂಡಲಿಲ್ಲ ಎಂದು ಎಲ್ಲರೂ ನಿಶ್ಚಿಂತರಾದರು. ವಿಜಯಪುರದ ಡಾಕ್ಟರಮ್ಮನ ಹತ್ತಿರ ಹೋಗುವಷ್ಟರಲ್ಲಿ ಗುಳಿಗೆ ಚೆನ್ನಾಗಿ ನಾಟುವ ಮೊದಲಿನ ದಿನಗಳು ಕಳೆದುಹೋಗಿದ್ದವು. ಗುಳ್ಳೆಯ ನೀರು ತಾಗಿದರೆ ಹಸುಗೂಸಿಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಬರಬಹುದು, ಒಣಗುವ ತನಕ ಮುಟ್ಟಬೇಡಿ ಎಂದರು ಆಕೆ. ಗುಳ್ಳೆ ಒಣಗಿದವು, ಉರಿ ಮಾತ್ರ ಒಳಗೇ ನಿಂತಿತು. ಸೀರೆಯ ನಿರಿಗೆ ಸೊಂಟಕ್ಕೆ ಸಿಕ್ಕಿಸಿದರೂ ಅಕ್ಕ ಹಲ್ಲು ಕಚ್ಚುತ್ತಿದ್ದಳು. ಕೂಸನ್ನು ಎರೆಯಲು ಬೇರೊಬ್ಬ ಹೆಂಗಸು ಬರತೊಡಗಿದಳು. ಆ ಹೊತ್ತಿಗೆ ಅಕ್ಕ ಅಂಗಳಕ್ಕೆ ಹೋಗಿ ಕುಳಿತುಬಿಡುತ್ತಿದ್ದಳು.

ಅದಾಗಿ ಎರಡು ವರ್ಷಕ್ಕೆ ವಿಜಯಪುರದಲ್ಲಿ ಮಾಸ್ತರಿಕೆ ಮಾಡುವ ನನ್ನ ಮಗಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಎರೆಯುವವಳು ನಾನೇ. ಅವಳನ್ನು ತೋರಿಸಲು ದವಾಖಾನೆಗೆ ಹೋದಾಗ ಅಕ್ಕನ ಮಾತು ಬಂತು. ಅಕ್ಕನನ್ನು ನೋಡಿದ್ದ ಡಾಕ್ಟರಮ್ಮನನ್ನೂ ಮಗಳು ಅಲ್ಲೇ ಭೇಟಿ ಮಾಡಿಸಿದಳು. ನನಗೆ ಸಣ್ಣಂದಿನಲ್ಲಿ ಅಮ್ಮ ಬಂದಿತ್ತೇ ಎಂದು ಆಕೆ ಕೇಳಿದರು. ಬರದೇ ಏನು! ನಾನೂ ಅಕ್ಕನೂ ಒಂದೇ ಕೌದಿಯ ಮೇಲೆ ಬೇವಿನ ಸೊಪ್ಪು ಹಾಸಿಕೊಂಡು ಮಲಗಿದ್ದೆವು. ಅದರ ಬೀಜವೇ ನರದೊಳಗೆ ಅಡಗಿದ್ದು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ ಎಂದರು. ಅಂದರೆ ಅಕ್ಕನೊಳಗಿಂದ ಎದ್ದದ್ದು ನನ್ನೊಳಗೂ ಮಲಗಿತ್ತು. ಅದಕ್ಕೊಂದು ಸೂಜಿ ಇದೆ, ಎರಡು ಸಲ ಹಾಕಿಸಬೇಕು ಎಂದರು. ಹಾಕಿಸಿದರೆ ಬರುವುದೇ ಇಲ್ಲ ಎಂದು ಮಾತ್ರ ಆಕೆ ಹೇಳಲಿಲ್ಲ. ಬರುವುದು ಬಹಳ ಕಡಿಮೆಯಾಗುತ್ತದೆ, ಬಂದರೂ ಇಷ್ಟು ಕಾಡುವುದಿಲ್ಲ ಎಂದರು.

ನನಗೆ ಆಸೆಯೂ ಆಯಿತು, ಅಂಜಿಕೆಯೂ ಆಯಿತು. ಮಲಗಿದ ಹಾವನ್ನು ಸೂಜಿಯಿಂದ ಚುಚ್ಚಿ ಎಬ್ಬಿಸಿದಂತೆ ಆದರೆ? ಜಡ್ಡಿನ ಜೀವಂತ ಹುಳ ಅದರಲ್ಲಿ ಇರುವುದಿಲ್ಲ, ಸೂಜಿಯಿಂದ ಸರ್ಪಸುತ್ತು ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಒಂದೆರಡು ದಿನ ತೋಳು ನೋವು, ಜ್ವರ ಬರಬಹುದು, ಅಷ್ಟೇ. ಆ ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಅಕ್ಕನಿಗೆ ಫೋನು ಮಾಡಿದೆ. ದೇವರ ಜಡ್ಡಿಗೆ ಸೂಜಿ ಹಿಡಿದು ಹೋಗಬೇಡ ಎಂದಳು.

ನಮ್ಮ ಮನೆಯವರು ಹಗಲೆಲ್ಲ ದ್ರಾಕ್ಷಿ ಪಡದಲ್ಲೇ ಇರುವವರು. ಔಷಧ ಹೊಡೆಯುವ ಪಂಪು ತೊಳೆಯುತ್ತ ನನ್ನ ಗೋಳು ಕೇಳಿಸಿಕೊಂಡರು. ಆಮೇಲೆ ತಲೆ ಎತ್ತದೆ ಅಂದರು:

"ಎಲಿ ಮ್ಯಾಲ ರೋಗ ಕಂಡ ಮ್ಯಾಲ ಔಷಧ ಹೊಡದ್ರ ಏನ ಉಳೀತೈತಿ? ಮೋಡ ಕಂಡ ಕೂಡ್ಲೆ ಹೊಡೀತೇವಿ. ಬಳ್ಳಿಗೆ ಮಾಡೂದು ನಿನಗ ಮಾಡಬಾರ್ದೇನು?"

"ನಾ ಏನ ಬಳ್ಳಿ ಏನ್ರಿ?" ಎಂದೆ.

"ಬಳ್ಳಿ ಆದ್ರ ಇಷ್ಟ ಮಾತಾಡ್ತಿದ್ದಿಲ್ಲ ಬಿಡು."

ಮರುವಾರ ಅವರೇ ಗಾಡಿಯ ಮೇಲೆ ಕೂರಿಸಿಕೊಂಡು ವಿಜಯಪುರಕ್ಕೆ ಕರೆದೊಯ್ದರು. ಸೂಜಿ ತರಿಸಬೇಕು, ಇಂಥ ದಿನ ಬನ್ನಿ ಎಂದರು ದವಾಖಾನೆಯವರು. ಅದು ನಾಗರಪಂಚಮಿಯ ದಿನ. ಆ ದಿನ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಕಾಯಿಪಲ್ಲೆ ಹೆಚ್ಚುವುದಿಲ್ಲ, ಹರಿದ ಕುಪ್ಪಸಕ್ಕೆ ಹೊಲಿಗೆ ಹಾಕಲೂ ಸೂಜಿ ಹಿಡಿಯುವುದಿಲ್ಲ. ಮೈಗೆ ಚುಚ್ಚಿಸಿಕೊಳ್ಳುವುದೆಲ್ಲಿಂದ ಬಂತು? ಒಲ್ಲೆ ಎಂದುಬಿಟ್ಟೆ. ಮರಳುವ ದಾರಿಯುದ್ದಕ್ಕೂ ಮನೆಯವರ ಬೆನ್ನು ನಗೆಯಿಂದ ಕುಲುಕುತ್ತಿತ್ತು. ಹಾವಿನ ಹಬ್ಬದ ದಿನ ಹಾವಿನ ಜಡ್ಡಿಗೆ ಸೂಜಿ ಎಂದರೆ ನಾಗಪ್ಪನಿಗೂ ನಗು ಬಂದೀತು ಎಂದರು. ಖರೆ ಹೇಳಬೇಕೆಂದರೆ, ನೆವ ಸಿಕ್ಕಿತೆಂದು ನನಗೆ ಒಳಗೊಳಗೇ ಹಗುರಾಗಿತ್ತು.

ಪಂಚಮಿಗೆ ಮಗಳು ಬಂದಳು, ಅಕ್ಕನೂ ಬಂದಳು. ಶೇಂಗಾ ಉಂಡಿ ಕಟ್ಟುತ್ತ ಕುಳಿತಿದ್ದೆವು. ಅಕ್ಕ ನನ್ನ ಪರವಾಗಿಯೇ ಮಾತಾಡುತ್ತಾಳೆ, ಸೂಜಿಯ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ಆಗ ಮಗಳು, ಕೂಸು ಒದೆಯಾಕತ್ತೈತಿ ನೋಡು ದೊಡ್ಡವ್ವ ಎಂದು ಅಕ್ಕನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟಳು. ಅಕ್ಕ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ಮೊಮ್ಮಗ ಈಗ ಓಡ್ಯಾಡ್ತಾನ. ಒಂದ ದಿನಾನೂ ಅಂವಗ ನಾ ಎರೀಲಿಲ್ಲ ನೋಡವಾ. ಉರೀನರ ತಡ್ಕೋಬಹುದು, ಇದನ್ನ ತಡ್ಕೊಳ್ಳಾಕ ಆಗವಲ್ದು. ನನ್ನ ಮಾತ ಕೇಳಬ್ಯಾಡ. ನೀ ಚುಚ್ಚಿಸ್ಕೋ."

ಎರಡು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಉಂಡಿ ನನ್ನ ಕೈಯಲ್ಲೇ ಪುಡಿಯಾಯಿತು. ಹಬ್ಬ ಮುಗಿದ ವಾರವೇ ಹೋಗಿ ಎಡತೋಳಿಗೆ ಚುಚ್ಚಿಸಿಕೊಂಡೆ. ಎರಡು ದಿನ ಮೈ ಕೆಂಡ, ತೋಳು ಒನಕೆ. ಹಾವು ಏಳಲಿಲ್ಲ.

ಎರಡನೆಯ ಸೂಜಿ ಎರಡು ತಿಂಗಳಿಂದ ಆರು ತಿಂಗಳೊಳಗೆ ಆಗಬೇಕಿತ್ತು. ಬಾಣಂತನ ಮುಗಿಸಿಕೊಂಡೇ ಬನ್ನಿ, ಅವಸರವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ನನ್ನದೇ ಹಿಕಮತ್ತು ಮಾಡಿದೆ: ಕೂಸು ಬಂದ ಮೇಲೆ ಜ್ವರ ಬಂದರೆ ಎರೆಯುವವರು ಯಾರು? ದಿನ ತುಂಬಲು ಇನ್ನೂ ಮೂರು ವಾರ ಇದೆ, ಈಗಲೇ ಮುಗಿಸಿಬಿಡೋಣ. ಚುಚ್ಚಿಸಿಕೊಂಡು ಮನೆಗೆ ಬಂದು ಮಲಗಿದೆ. ಮರುದಿನ ಮುಂಜಾನೆ ಮಗಳಿಗೆ ಹೆರಿಗೆ ಬ್ಯಾನಿ ಶುರುವಾಯಿತು.

ನನ್ನ ಹಿಕಮತ್ತು ನೋಡಿ ನಗಬೇಕೋ ಅಳಬೇಕೋ. ಮಗಳನ್ನು ಮನೆಯವರು ದವಾಖಾನೆಗೆ ಕರೆದೊಯ್ದರು, ಜ್ವರದಲ್ಲಿ ನಾನು ಮನೆಯಲ್ಲಿ ಉಳಿದೆ. ಅಕ್ಕ ಜೈನಾಪುರದಿಂದ ಬಸ್ಸು ಹಿಡಿದು ನೇರ ದವಾಖಾನೆಗೆ ಹೋದಳು. ಮಧ್ಯಾಹ್ನ ಫೋನು ಬಂತು: ಹೆಣ್ಣು ಕೂಸು, ಇಬ್ಬರೂ ಆರಾಮ. ನಾನು ಹಾಸಿಗೆಯ ಮೇಲೆಯೇ ಎದ್ದು ಕುಳಿತು ದೇವರಿಗೆ, ಡಾಕ್ಟರಿಗೆ, ಬಸ್ಸಿನವನಿಗೆ, ಎಲ್ಲರಿಗೂ ಕೈ ಮುಗಿದೆ. ಮುಗಿಯಲು ಎಡಗೈ ಮೇಲೆ ಏಳಲಿಲ್ಲ, ಅದು ಬೇರೆ ಮಾತು.

ಬಾಣಂತಿ ಮನೆಗೆ ಬರುವ ಹೊತ್ತಿಗೆ ಜ್ವರ ಇಳಿದಿತ್ತು, ತೋಳು ಮಾತ್ರ ಇನ್ನೂ ಭಾರ. ಮರುದಿನ ಮುಂಜಾನೆ ಹಂಡೆಯಲ್ಲಿ ನೀರು ಕಾಯ್ದವು. ಮಣೆಯ ಮೇಲೆ ಕುಳಿತು ಕೂಸನ್ನು ಇಸಿದುಕೊಳ್ಳಲು ಹೋದೆ, ಎಡಗೈ ಅರ್ಧಕ್ಕೇ ಇಳಿದುಬಿಟ್ಟಿತು. ಎಣ್ಣೆ ಮೈಯ ಹಸುಗೂಸು, ಜಾರಿದರೆ ಏನು ಗತಿ? ಕಣ್ಣಲ್ಲಿ ನೀರು ಬಂದವು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏಳು ಅತ್ತಾಗ," ಎಂದಳು. ಸೀರೆ ಮೊಣಕಾಲಿಗೆ ಏರಿಸಿ, ಸೊಂಟದ ಗಂಟು ಸಡಿಲ ಮಾಡಿ, ಗೋಡೆ ಹಿಡಿದು ನಿಧಾನಕ್ಕೆ ಮಣೆಯ ಮೇಲೆ ಕುಳಿತಳು. ಕಾಲು ಚಾಚುವಾಗ ಅವಳ ಮುಖ ಬಿಳಿಚಿದ್ದು ಕಂಡೆ.

"ಅಕ್ಕಾ, ಸೊಂಟ?"

"ಸೊಂಟ ಅದರ ಪಾಡಿಗೆ ಅದು ಉರೀಲಿ. ಕೂಸ ಕೊಡು. ನೀ ನೀರ ಹಾಕು."

ಕೂಸನ್ನು ಕಾಲ ಮೇಲೆ ಮಲಗಿಸಿದೆವು. ನಾನು ತಂಬಿಗೆ ಎತ್ತುವಷ್ಟರಲ್ಲಿ ಮೊಮ್ಮಗಳು ಅಕ್ಕನ ಕಾಲ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಳು. ಅಕ್ಕ ನಕ್ಕಳು. ಗುಳ್ಳೆ ಎದ್ದಂದಿನಿಂದ ಅವಳು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ.

"ನಿನಗಿಂತ ಮೊದಲ ಇಕಿನ ಹಾಕಿದ್ಲು ನೋಡ ಬಿಸಿನೀರ," ಎಂದಳು.

ನಾನು ಬಲಗೈಯಿಂದ ಹುಯ್ದೆ, ಅವಳು ತೀಡಿದಳು. ಬೆನ್ನು, ತೊಡೆ, ಅಂಗಾಲು, ಮೂಗಿನ ತುದಿ, ಒಂದನ್ನೂ ಮರೆತಿರಲಿಲ್ಲ. ತೀಡುತ್ತ ತೀಡುತ್ತ ಅವಳ ಕಣ್ಣೂ ಸೋರುತ್ತಿದ್ದವು. ಬಚ್ಚಲ ಹೊಗೆ ಎಂದಳು. ಹೌದೆಂದೆ.

ಮರುದಿನಕ್ಕೆ ನನ್ನ ತೋಳು ಸರಿಹೋಗಿತ್ತು. ಆದರೂ ನೋವು ಇದೆ ಎಂದು ಹೇಳಿ ಇನ್ನೂ ಎರಡು ಮುಂಜಾನೆ ಅವಳಿಗೇ ಮಣೆ ಬಿಟ್ಟುಕೊಟ್ಟೆ. ಮೂರನೆಯ ದಿನ ಅಕ್ಕ ನನ್ನ ಎಡರಟ್ಟೆಯನ್ನು ಗಟ್ಟಿಯಾಗಿ ಒತ್ತಿ ನೋಡಿದಳು. ನಾನು ಮುಖ ಕಿವುಚಲು ಮರೆತೆ. ಅವಳು ಕೂಸನ್ನು ನನ್ನ ಉಡಿಯಲ್ಲಿ ಇಟ್ಟು, ನಾಳೆಯಿಂದ ನಿನ್ನ ಪಾಳಿ ಎಂದಳು.

ಊರಿಗೆ ಹೊರಡುವಾಗ, ಒಮ್ಮೆ ಸರ್ಪಸುತ್ತು ಆದವರಿಗೂ ಆ ಸೂಜಿ ನಡೆಯುತ್ತದೇನು ಕೇಳು ಎಂದಳು. ಡಾಕ್ಟರಮ್ಮನನ್ನು ಕೇಳಿಸಿದೆ. ನಡೆಯುತ್ತದಂತೆ. ಈಗಿನ ಉರಿ ಅದರಿಂದ ಹೋಗುವುದಿಲ್ಲ, ಮತ್ತೆ ಬರದಂತೆ ತಡೆಯಲು ಒಳ್ಳೆಯದು ಎಂದರು. ಬರುವ ವಾರ ಅಕ್ಕನ ಜೊತೆ ನಾನೂ ವಿಜಯಪುರಕ್ಕೆ ಹೋಗುತ್ತೇನೆ. ಮೊಮ್ಮಗಳ ನೀರು ಮುಗಿಸಿಕೊಂಡೇ ಬರುತ್ತೇನೆ, ಅಲ್ಲಿಯ ತನಕ ಕಾಯಿ ಎಂದು ಹೇಳಿದ್ದೇನೆ. ಕಾಯುವುದಿಲ್ಲವಂತೆ. ಹಿಂದಿನ ದಿನವೇ ಬಂದು ಇಲ್ಲೇ ಉಳಿಯುತ್ತಾಳಂತೆ, ಮುಂಜಾನೆ ತಾನೇ ಎರೆದು ಆಮೇಲೆ ಹೊರಡೋಣವಂತೆ.