ಗುಡಿಯ ಕಲ್ಲಿಗೆ ಒಂದು ಇಂಗ್ಲಿಷ್ ಕ್ರಿಯಾಪದ

ರೊಟ್ಟಿ ಬಡಿಯುತ್ತಿದ್ದೆ. ನಮ್ಮೂರ ಹನುಮಪ್ಪನ ಗುಡಿ ಕಮಿಟಿಯ ಅಧ್ಯಕ್ಷನಾದ ನನ್ನ ಮೈದುನ ಸದಲಗಾದ ಕಲ್ಲು ಕೆತ್ತುವವರ ಅಂಗಡಿಯಿಂದ ಫೋನ್ ಮಾಡಿದ.

"ವೈನಿ, ಗುಡಿಗೆ ಹಚ್ಚೋ ಕಲ್ಲು ಕೆತ್ತಾಕತ್ತಾರ. ಕೊಲ್ಲಾಪುರದ ನಮ್ಮ ಬಳಗದ ಪಾವ್ಣ್ಯಾರು ನೋಡಾಕ ಬರ್ತಾರ, ಅವರಿಗೆ ಕನ್ನಡ ಓದಾಕ ಬರಾಂಗಿಲ್ಲಂತ ನನ್ನ ಹೆಸರು ಇಂಗ್ಲಿಷಿನ್ಯಾಗ ಹಾಕಸಾಕತ್ತೀನಿ. ಗುಡಿ 'ರಿಸ್ಟೋರ್ಡ್' ಮಾಡಿದವ ಅಂದ್ರ ಬರೋಬ್ಬರಿ ಆಗ್ತೈತಲ್ಲ? ನೀವು ಬಿ.ಎ. ಓದಿದವ್ರು."

ಹೋದ ವರ್ಷ ಗುಡಿಗೆ ಟೈಲ್ಸ್ ಹಾಕಿಸುವಾಗ ಹಳೆಯ ಕಲ್ಲಿನ ಹೊಸ್ತಿಲನ್ನು ಕೀಳಿಸಿದವನು ಇವನೇ. ನನ್ನ ಅತ್ತೆ ಅದಕ್ಕೆ ಅರಿಸಿನ ಹಚ್ಚದೆ ಒಳಗೆ ಕಾಲಿಟ್ಟವರಲ್ಲ. ಕೀಳಬೇಡವೆಂದು ನಾನು ಅಂಗಲಾಚಿದಾಗ, "ಹೆಣ್ಮಕ್ಕಳಿಗೆ ಇದೆಲ್ಲಾ ತಿಳಿಯಾಂಗಿಲ್ಲ" ಎಂದು ಎಲ್ಲರೆದುರು ನನ್ನ ಬಾಯಿ ಮುಚ್ಚಿಸಿದ್ದ. ಈಗ ಅವನ ಬಾವಿಯ ಬಳಿ ಆ ಹೊಸ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ.

"ರಿಸ್ಟೋರ್ ಅಂದ್ರ ಮೊದಲಿದ್ದಂಗ ಮಾಡೂದಪಾ. ನೀ ಮಾಡಿದ್ದು ರಿಪ್ಲೇಸ್. ಇದ್ದದ್ದು ಕಿತ್ತು ಬ್ಯಾರೇದ ಹಾಕಿದಿ. ಅದನ್ನ ಕೆತ್ತಸು."

"ಏ ವೈನಿ, ಮರ್ಯಾದಿ ಹೋಗ್ತೈತಿ!"

"ಹಂಗಾರ ಹೊಸ್ತಿಲಾ ತಂದು ಹಾಕು. ಇಲ್ಲಂದ್ರ ಅದು ಎಲ್ಲಿ ಬಿದ್ದೈತಿ ಅಂತ ಪಾವ್ಣ್ಯಾರಿಗೆ ನಾನ ತೋರಸ್ತೀನಿ."

"ಸಂಜಿಗೆ ಟ್ರ್ಯಾಕ್ಟರನ್ಯಾಗ ತರ್ತೀನ್ರಿ" ಎಂದ.

"ಮೊದಲ ಸಾಬೂನಿನ ಜಿಡ್ಡು ತಿಕ್ಕಿ ತೊಳಿ. ನೀನ ತೊಳಿ ಮತ್ತ, ಹೆಣ್ಮಕ್ಕಳಿಗೆ ತಿಳಿಯಾಂಗಿಲ್ಲ."

ಈ ಮಾತನ್ನು ತಿರುಗಿಸಿ ಕೊಡುವ ಭಾಗ್ಯವನ್ನಾದರೂ ಹನುಮಪ್ಪ ಕರುಣಿಸಿದನಲ್ಲ ಎಂದು ಕೈಮುಗಿದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು. ಸಂಜೆ ಬಂದಾಗ ಮೈದುನನಿಗೆ ಬಡಿಸಲೆಂದು ಅದನ್ನು ತೆಗೆದಿಟ್ಟು, ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದೆ.